ಎರಡನೇ ಯಂತ್ರದ ದೀಪಗಳು

ಮಂಗಳವಾರ, 1976ರ ನವೆಂಬರ್ 9. ಬೆಳಿಗ್ಗೆ 9.22ಕ್ಕೆ ಹೆಡ್‌ವಿಕ್ ಪೊಲೀಸ್ ಠಾಣೆಗೆ ಸ್ವಾರ್ತ್‌ಫೋರ್ಸ್ ಜಲವಿದ್ಯುತ್ ಕೇಂದ್ರದಿಂದ ಫೋನ್ ಬಂತು. ಮಾತಾಡಿದವನು ಅಲ್ಲಿನ ಮುಖ್ಯಸ್ಥ ಫ್ರೆಡ್‌ಹಾಲ್ಮ್. ಎರಡನೇ ಯಂತ್ರದ ಹತ್ತಿರ ಕೆಲಸ ಮಾಡುತ್ತಿದ್ದ ಏವರ್ಟ್ ಗ್ರೇನ್, ವಯಸ್ಸು 59, ಕರೆಂಟ್ ಹೊಡೆದು ಸತ್ತಿದ್ದಾನೆ ಎಂದ. ಹೆಣ ಮುಟ್ಟಿಲ್ಲ, ಯಂತ್ರ ನಿಲ್ಲಿಸಿದ್ದೇವೆ, ಬೇಗ ಬನ್ನಿ ಎಂದು ಹೇಳಿ ಇಟ್ಟುಬಿಟ್ಟ. ಕಾನ್‌ಸ್ಟೇಬಲ್ ಬೋಯೆಲ್ ಹೇಡ್ ಸಮಯ ಬರೆದುಕೊಂಡು, ಪಕ್ಕದ ಕೋಣೆಯಲ್ಲಿ ಕಾಫಿಗೆ ದಾಲ್ಚಿನ್ನಿ ಬನ್ನು ಅದ್ದುತ್ತಿದ್ದ ಇನ್‌ಸ್ಪೆಕ್ಟರ್ ಸ್ತೂರೆ ವಿಕ್‌ಮನ್‌ಗೆ ವಿಷಯ ಮುಟ್ಟಿಸಿದಳು.

ದಾರಿ ನಲವತ್ತು ನಿಮಿಷದ್ದು. ಮೂರು ದಿನದಿಂದ ಬಿಡದ ಮಂಜು, ಗಾಜಿನ ಮೇಲೆ ಒದ್ದೆ.

"ಆ ಜಾಗ ನಿಮಗೆ ಗೊತ್ತಾ ಸಾರ್?" ಎಂದು ಬೋಯೆಲ್ ಕೇಳಿದಳು.

"ಒಂದ್ಸಲ ಹೋಗಿದ್ದೆ. ಹನ್ನೊಂದು ವರ್ಷ ಆಯ್ತು. ಆಗ್ಲೂ ಇದೇ ಥರ ಒಬ್ಬ ಸತ್ತಿದ್ದ."

"ಇದೇ ಯಂತ್ರದಲ್ಲಾ?"

"ಇದೇ ಯಂತ್ರದಲ್ಲಿ."

10.10ಕ್ಕೆ ತಲುಪಿದರು. ಯಂತ್ರಗಳ ಸಾಲಿದ್ದ ದೊಡ್ಡ ಹಾಲಿನಲ್ಲಿ ಮೊದಲನೆಯದು ಮಾತ್ರ ಗುಂಯ್ಗುಡುತ್ತಿತ್ತು. ಎರಡನೆಯದರ ತುದಿಯಲ್ಲಿ ಏವರ್ಟ್ ಎಡ ಮಂಡಿ ಊರಿದ ಹಾಗೇ ಪಕ್ಕಕ್ಕೆ ವಾಲಿ ಕಬ್ಬಿಣದ ಕಂಬಕ್ಕೆ ಒರಗಿದ್ದ. ಬಲಗೈ ಮುಂದಕ್ಕೆ ಚಾಚಿತ್ತು, ಬ್ರಷ್ ಎಂದು ಕರೆಯುವ ಕರಿ ಕಾರ್ಬನ್ ತುಂಡು, ಹೊಸದು, ನೆಲದಲ್ಲಿ ಬಿದ್ದಿತ್ತು. ಎಡಗೈ ಪ್ಯಾಂಟಿನ ಹಿಂಜೇಬಿನಲ್ಲಿ ಮಣಿಕಟ್ಟಿನವರೆಗೆ ಹೂತಿತ್ತು. ಯಾರೋ ಬಸ್ಸಿಗೆ ಕಾಯುತ್ತಾ ನಿಂತವರು ಇಟ್ಟುಕೊಳ್ಳುವ ಹಾಗೆ ಅಷ್ಟು ಸಲೀಸಾಗಿ ಇತ್ತು ಆ ಕೈ.

ಸ್ತೂರೆ ಆ ಕೈಯನ್ನೇ ನೋಡುತ್ತಾ ನಿಂತ.

ಪಂಚನಾಮೆ 10.20ಕ್ಕೆ ಶುರುವಾಯಿತು. ಪಂಚರಾಗಿ ಕೇಂದ್ರದ ಗುಮಾಸ್ತೆ ಮತ್ತು ಅಣೆಕಟ್ಟಿನ ಕಾವಲಿನವನು ನಿಂತರು. ಮನೆಯ ಫ್ಯೂಸ್ ಹೋದರೆ ಪಕ್ಕದ ಮನೆಯವನನ್ನು ಕರೆಯುವ ಗಿರಾಕಿ ಸ್ತೂರೆ, ಹಾಗಾಗಿ ಫ್ರೆಡ್‌ಹಾಲ್ಮ್ ಅ ಆ ಇ ಈಯಿಂದಲೇ ಹೇಳಬೇಕಾಯಿತು.

"ಜನರೇಟರ್ ಒಳಗೆ ತಿರುಗೋದು ರೋಟರ್. ಅದು ಅಯಸ್ಕಾಂತ ಆದ್ರೆ ಮಾತ್ರ ಕರೆಂಟ್ ಹುಟ್ಟೋದು. ಅಯಸ್ಕಾಂತ ಆಗೋಕೆ ಅದಕ್ಕೆ ಡಿಸಿ ಕರೆಂಟು ಉಣಿಸ್ಬೇಕು. ಆ ಡಿಸಿ ಮಾಡೋದು ರೋಟರಿನದೇ ದಂಡದ ತುದಿಗೆ ಕೂತಿರೋ ಈ ಮರಿ ಯಂತ್ರ. ಈ ತಾಮ್ರದ ಉರುಳೆ ನೋಡಿ, ಕಾಮ್ಯುಟೇಟರ್ ಅಂತಾರೆ. ಇಡೀದಲ್ಲ, ಕಿತ್ತಳೆ ತೊಳೆ ಥರ ಬಿಡಿ ಬಿಡಿ. ಒಳಗೆ ಸುತ್ತೋ ತಂತೀಲಿ ಕರೆಂಟು ಅರ್ಧ ಸುತ್ತಿಗೊಂದ್ಸಲ ದಿಕ್ಕು ತಿರುಗಿಸುತ್ತೆ. ಅದು ತಿರುಗ್ಸೋ ಹೊತ್ತಿಗೆ ಸರಿಯಾಗಿ ಬ್ರಷ್ಷಿನ ಕೆಳಗೆ ಇನ್ನೊಂದು ತೊಳೆ ಬಂದಿರುತ್ತೆ. ಅದಕ್ಕೇ ಹೊರಗೆ ಬರೋದು ಯಾವಾಗ್ಲೂ ಒಂದೇ ದಿಕ್ಕಿನ ಕರೆಂಟು."

"ಇದೇನ್ರೀ ಇಷ್ಟು ಕಂದುಗಟ್ಟಿದೆ, ಒರೆಸೋರಿಲ್ವಾ?" ಎಂದು ಬೋಯೆಲ್ ಬೆರಳು ತೋರಿಸಿದಳು.

"ಏವರ್ಟ್ ಬದುಕಿದ್ರೆ ಈ ಮಾತಿಗೆ ನಿಮ್ಮನ್ನ ಹಾಲಿಂದ ಆಚೆ ಓಡಿಸ್ತಿದ್ದ. ಆ ಕಂದು ಪೊರೆ ಕಟ್ಟೋಕೆ ತಿಂಗಳುಗಟ್ಟಲೆ ಬೇಕು. ಅದಿದ್ರೇ ಬ್ರಷ್ ಸವೆಯಲ್ಲ, ಕಿಡಿ ಹಾರಲ್ಲ. ಥಳಥಳ ಹೊಳೀತು ಅಂದ್ರೆ ಯಂತ್ರಕ್ಕೆ ಕಾಯಿಲೆ ಅಂತ."

ಆಮೇಲೆ ಫ್ರೆಡ್‌ಹಾಲ್ಮ್ ದಂಡದ ಮೇಲಿನ ಎರಡು ಅಗಲವಾದ ಉಂಗುರಗಳನ್ನು ತೋರಿಸಿದ. ಅವು ಸ್ಲಿಪ್ ರಿಂಗ್. ಸೀಳಿಲ್ಲ, ತೊಳೆಯಿಲ್ಲ. ದಿಕ್ಕು ಬದಲಿಸುವ ತಲೆನೋವು ಇವಕ್ಕಿಲ್ಲ, ನಿಂತಿರುವ ತಂತಿಯಿಂದ ತಿರುಗುತ್ತಿರುವ ರೋಟರಿಗೆ ಕರೆಂಟು ದಾಟಿಸಿದರೆ ಆಯಿತು. ಒಂದು ಉಂಗುರದಿಂದ ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಎರಡರ ಮೇಲೂ ಕಾರ್ಬನ್ ಬ್ರಷ್‌ಗಳು ಸ್ಪ್ರಿಂಗಿನಿಂದ ಒತ್ತಿ ಕೂತಿರುತ್ತವೆ, ಸವೆಯುತ್ತವೆ, ಆಗಾಗ ಬದಲಿಸಬೇಕು.

"ಯಂತ್ರ ಓಡ್ತಿರೋವಾಗ್ಲೇ ಬದಲಾಯಿಸ್ತೀರಾ?"

"ಎಲ್ಲ ಕಡೆನೂ ಹಾಗೇನೇ. ಒಂದು ಬ್ರಷ್ಷಿಗೋಸ್ಕರ ಇಡೀ ಯಂತ್ರ ನಿಲ್ಲಿಸ್ತಾರಾ? ಈ ಸರ್ಕ್ಯೂಟು ಎಲ್ಲೂ ನೆಲಕ್ಕೆ ತಾಗಿಲ್ಲ. ಒಂದು ಉಂಗುರ ಮುಟ್ಟಿದ್ರೆ ಕರೆಂಟಿಗೆ ವಾಪಸ್ ಹೋಗೋ ದಾರಿ ಇಲ್ಲ, ಏನೂ ಆಗಲ್ಲ. ಎರಡನ್ನೂ ಮುಟ್ಟಿದ್ರೆ ಇನ್ನೂರ ಇಪ್ಪತ್ತು ವೋಲ್ಟು ಎದೆ ಮೇಲೇ ಹಾಯುತ್ತೆ. ಅದಕ್ಕೇ ಒಂದು ಕೈ ಜೇಬಲ್ಲಿ. ನಮ್ಮಲ್ಲಿ ಮೊದಲ ದಿನದ ಪಾಠ ಅದು. ಹೊಸಬರಿಗೆಲ್ಲ ಹಿಲ್ಡಿಂಗೇ ಹೇಳಿಕೊಡೋದು, ತಮ್ಮನ ಕತೆಯಿಂದ್ಲೇ ಶುರು ಮಾಡ್ತಾನೆ."

ಹಿಲ್ಡಿಂಗ್ ಬ್ರೂಮನ್ ಆ ಹೊತ್ತು ಮೇಲಿನ ನಿಯಂತ್ರಣ ಕೋಣೆಯಲ್ಲಿ ಪಾಳಿಯಲ್ಲಿದ್ದವನು. ಅವನ ತಮ್ಮ ಲಾಗೆ 1965ರ ಅಕ್ಟೋಬರ್ 11ರಂದು ಇದೇ ಜಾಗದಲ್ಲಿ ಸತ್ತಿದ್ದ. ಎರಡೂ ಕೈ ಒಳಗೆ ಹಾಕಿದ್ದ ಎಂದು ಆಗ ಹೇಳಿಕೆ ಕೊಟ್ಟ ಏಕೈಕ ಸಾಕ್ಷಿ ಏವರ್ಟ್. ಮೂವತ್ತೈದು ವರ್ಷದ ಹುರುಪಿನ ಸ್ತೂರೆ ವಿಕ್‌ಮನ್ ಆ ಹೇಳಿಕೆ ತೆಗೆದುಕೊಂಡು, ಒಂದೇ ಮಧ್ಯಾಹ್ನದಲ್ಲಿ ವರದಿ ಮುಗಿಸಿ, ಕೊನೆಯಲ್ಲಿ 'ಮೃತನ ಸ್ವಂತ ಅಜಾಗರೂಕತೆ' ಎಂದು ಬರೆದು ಸಂಜೆ ಊಟದ ಹೊತ್ತಿಗೆ ಮನೆ ಸೇರಿದ್ದ.

"ಇದೂ ಹಾಗೇ ಅಲ್ವಾ, ಅದೇ ಸಾಲು ಬರೆದ್ರಾಯ್ತು," ಎಂದ ಫ್ರೆಡ್‌ಹಾಲ್ಮ್, ಅರ್ಧ ಗಾಬರಿಯಲ್ಲಿ, ಅರ್ಧ ಆತುರದಲ್ಲಿ.

"ಕೈ ಜೇಬಲ್ಲಿದೆಯಲ್ಲಪ್ಪಾ," ಎಂದ ಸ್ತೂರೆ.

ಫ್ರೆಡ್‌ಹಾಲ್ಮ್ ಬಗ್ಗಿ ಆ ಕೈಯನ್ನು ನೋಡಿದ. ಇನ್ನೊಂದು ಉಂಗುರದ ಸರ್ಕ್ಯೂಟು ಎಲ್ಲೋ ಕಬ್ಬಿಣಕ್ಕೆ ತಾಗಿದ್ದರೆ ಮಾತ್ರ ಹೀಗಾಗಲು ಸಾಧ್ಯ, ಆಗ ಒಂದು ಕೈಯೂ ಸಾಕು ಎಂದ. ಅದನ್ನು ತೋರಿಸುವುದಕ್ಕೇ ಮೇಲಿನ ಕೋಣೆಯಲ್ಲಿ ಎರಡು ದೀಪಗಳಿವೆ. ಸರ್ಕ್ಯೂಟು ಸ್ವಚ್ಛವಾಗಿದ್ದರೆ ಎರಡೂ ಒಂದೇ ಸಮ ಮಂದವಾಗಿ ಉರಿಯುತ್ತವೆ. ಎಲ್ಲಾದರೂ ತಾಗಿದರೆ ಒಂದು ಆರಿ ಇನ್ನೊಂದು ಕಣ್ಣು ಕುಕ್ಕುತ್ತದೆ. ಆಗ ಯಂತ್ರ ನಿಲ್ಲಿಸಬೇಕು. ಬ್ರಷ್ ಮುಟ್ಟುವ ಮೊದಲು ಕೆಳಗಿನವನು ಮೇಲಕ್ಕೆ ಫೋನ್ ಮಾಡಿ ದೀಪ ಹೇಗಿದೆ ಎಂದು ಕೇಳಿಯೇ ಕೇಳುತ್ತಾನೆ. ಮೇಲಿನವನು ಸಮ ಎಂದ ಮೇಲೇ ಕೈ ಹಾಕುವುದು.

"ಮೇಲೆ ಹಿಲ್ಡಿಂಗ್ ಇದ್ದ. ದೀಪ ಹೆಚ್ಚುಕಮ್ಮಿ ಆಗಿದ್ರೆ ಅವನು ಬಿಡ್ತಿದ್ನಾ? ತಮ್ಮನ್ನ ಕಳ್ಕೊಂಡೋನು," ಎಂದು ಫ್ರೆಡ್‌ಹಾಲ್ಮ್ ಮಾತು ಮುಗಿಸಿದ.

11.05ಕ್ಕೆ ನಿಯಂತ್ರಣ ಕೋಣೆಗೆ ಹತ್ತಿದರು. ಯಂತ್ರ ನಿಂತಿದ್ದರಿಂದ ಎರಡು ದೀಪವೂ ಆರಿದ್ದವು. ಹಿಲ್ಡಿಂಗ್ ಎತ್ತರದ ಆಳು, ಐವತ್ತೆಂಟು ವರ್ಷ, ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡು ನೆಟ್ಟಗೆ ಕೂತಿದ್ದ.

"ಎಷ್ಟು ಹೊತ್ತಿಗೆ ಫೋನ್ ಬಂತು?"

"ಒಂಬತ್ತು ಐದು."

"ಏನಂದ?"

"ಎರಡನೇ ಯಂತ್ರ, ಒಳಗಿನ ಉಂಗುರ, ಒಂದು ಬ್ರಷ್. ದೀಪ ಹೇಗಿದೆ ಅಂದ."

"ನೀವೇನಂದ್ರಿ?"

"ಸಮ ಅಂದೆ."

"ಆಮೇಲೆ?"

"ಫೋನ್ ಇಟ್ಟ. ಒಂದು ನಿಮಿಷಕ್ಕೆಲ್ಲ ಕೆಳಗಿಂದ ಸದ್ದು ಬಂತು. ಯಂತ್ರ ನಿಲ್ಲಿಸಿ ಇಳಿದೆ."

"ಮುಟ್ಟಿದ್ರಾ?"

"ಇಲ್ಲ. ಹೇಗಿದ್ನೋ ಹಾಗೇ ಬಿಟ್ಟೆ. ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

ಕೊನೆಯ ಮಾತು ಬೇಡವಾದಷ್ಟು ಗಟ್ಟಿಯಾಗಿತ್ತು ಎಂದು ಸ್ತೂರೆಗೆ ಅನಿಸಿತು, ಆದರೆ ಆಘಾತದಲ್ಲಿ ಜನ ಹಾಗೇ ಮಾತಾಡುತ್ತಾರೆ. ಗಂಟೆಗೊಮ್ಮೆ ಬರೆಯುವ ದಿನಚರಿ ಪುಸ್ತಕವನ್ನು ವಶಕ್ಕೆ ಪಡೆಯಬೇಕು ಎಂದ. ಹಿಲ್ಡಿಂಗ್ ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

"ಅದರಲ್ಲಿ ಬರೆದಿರೋದೆಲ್ಲ ಸರಿಯಾಗಿದೆ," ಎಂದ.

ಬೋಯೆಲ್ ಅಲ್ಲೇ ಕೂತು ಆ ದಿನದ ಪುಟವನ್ನು ಪಂಚನಾಮೆಗೆ ಇಳಿಸಿದಳು. ವೋಲ್ಟು, ಆಂಪಿಯರು, ನೀರಿನ ಮಟ್ಟ, ಬೇರಿಂಗಿನ ಬಿಸಿ, ಕೊನೆಯ ಅಂಕಣದಲ್ಲಿ ಪ್ರತಿ ಗಂಟೆಗೂ ಎರಡೆರಡು ಸಣ್ಣ ಸೊನ್ನೆ. ಅರ್ಥವಾಗದ್ದನ್ನು ಹೆಚ್ಚು ಮುತುವರ್ಜಿಯಿಂದ ನಕಲು ಮಾಡುವ ಜಾತಿ ಅವಳು. ಒಂದು ಚುಕ್ಕಿಯೂ ಬಿಡಲಿಲ್ಲ. 11.50ಕ್ಕೆ ಪುಸ್ತಕವನ್ನು ಮೊಹರು ಮಾಡಿ ಚೀಲಕ್ಕೆ ಹಾಕಿದರು.

ಬುಧವಾರ, ನವೆಂಬರ್ 10. ಬೆಳಿಗ್ಗೆ ವೈದ್ಯರ ವರದಿ ಬಂತು. ಬಲಗೈ ಹೆಬ್ಬೆರಳು, ತೋರುಬೆರಳಲ್ಲಿ ಸುಟ್ಟ ಗುರುತು. ಎಡ ಮಂಡಿಯಲ್ಲಿ, ಕಂಬಕ್ಕೆ ತಾಗಿದ್ದಲ್ಲಿ, ಇನ್ನೊಂದು. ಎಡಗೈಯಲ್ಲಿ ಒಂದು ಗೀರೂ ಇಲ್ಲ. ಬೆರಳಿನಿಂದ ಹೊಕ್ಕು ಮಂಡಿಯಿಂದ ಹೊರಟಿದೆ ಎಂದಾಯಿತು.

ಮಧ್ಯಾಹ್ನ ಏವರ್ಟ್‌ನ ಹೆಂಡತಿ ಅಸ್ತಾ ತಾನಾಗಿಯೇ ಠಾಣೆಗೆ ಬಂದಳು. ಕಪ್ಪು ಕೋಟು, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಬಸ್ಸಿನಲ್ಲಿ ಬರುವವರೆಗೂ ಅದು ಅವಳ ಗಮನಕ್ಕೇ ಬಂದಿರಲಿಲ್ಲ.

"ಅವನದೇ ತಪ್ಪು ಅಂತ ಬರೀತಾರಂತೆ. ಫ್ರೆಡ್‌ಹಾಲ್ಮ್ ಹೆಂಡ್ತಿ ಹೇಳಿದ್ಲು," ಎಂದಳು.

"ಇನ್ನೂ ಏನೂ ಬರೆದಿಲ್ಲಮ್ಮ."

"ಬರೀಬೇಡಪ್ಪಾ. ಮೂವತ್ತು ವರ್ಷ ಆ ಮನುಷ್ಯ ಮನೇಲಿ ಬಲ್ಬು ಹಾಕೋವಾಗ್ಲೂ ಒಂದು ಕೈ ಜೇಬಲ್ಲಿಟ್ಕೋತಿದ್ದ. ನಾನು ನಗ್ತಿದ್ದೆ. ಅವನ ಹೆಸರಿನ ಮುಂದೆ ಆ ಮಾತು ಬರೋದು ಬೇಡ. ನಂಗೆ ಬೇರೇನೂ ಬೇಡ."

"ಇತ್ತೀಚೆಗೆ ಏನಾದ್ರೂ ಬೇರೆ ಥರ ಇದ್ರಾ?"

ಅಸ್ತಾ ಕೋಟಿನ ಗುಂಡಿ ತಿರುವುತ್ತಾ ಕೂತಳು. "ಹೋದ ಗುರುವಾರ. ಹಳೇ ದಿನಚರಿಗಳನ್ನ ಊರಿನ ದಾಖಲೆ ಕಚೇರಿಗೆ ಕಳಿಸ್ತಾರಂತೆ, ಅವನೂ ಹಿಲ್ಡಿಂಗೂ ಪೆಟ್ಟಿಗೆಗೆ ತುಂಬ್ತಿದ್ರು. ಮನೆಗೆ ಬಂದೋನು ಕಾರಲ್ಲೇ ಒಂದು ಗಂಟೆ ಕೂತಿದ್ದ. ಆಮೇಲೆ ಒಳಗೆ ಬಂದು, ಹಿಲ್ಡಿಂಗ್‌ಗೆ ಹೇಳ್ಬಿಟ್ಟೆ ಕಣೇ ಅಂದ. ಏನು ಅಂದೆ. ಹನ್ನೊಂದು ವರ್ಷದ್ದು ಅಂದ. ಊಟ ಮಾಡ್ದ, ಮಲಗ್ದ. ವರ್ಷಗಳಾಗಿತ್ತು ಅಷ್ಟು ಚೆನ್ನಾಗಿ ನಿದ್ದೆ ಮಾಡಿ."

ಹನ್ನೊಂದು ವರ್ಷ ಎಂದು ಸ್ತೂರೆ ಹಾಳೆಯ ಅಂಚಿನಲ್ಲಿ ಬರೆದು ಕೆಳಗೆ ಗೆರೆ ಎಳೆದ. ಅವಳನ್ನು ಕಾರಿನಲ್ಲಿ ಮನೆಗೆ ಬಿಡಲು ಬೋಯೆಲ್‌ಗೆ ಹೇಳಿದ.

ಗುರುವಾರ, ನವೆಂಬರ್ 11. ಕೇಂದ್ರ ಕಚೇರಿಯ ಎಂಜಿನಿಯರ್ ಒಬ್ಬ ಬಂದು ನಿಂತ ಯಂತ್ರದ ಸರ್ಕ್ಯೂಟನ್ನು ಅಳೆದ. ಎಲ್ಲೂ ತಾಗಿಲ್ಲ, ಸ್ವಚ್ಛವಾಗಿದೆ. ಫ್ರೆಡ್‌ಹಾಲ್ಮ್‌ಗೆ ಜೀವ ಬಂದಂತಾಯಿತು. ಎಂಜಿನಿಯರ್ ಮಾತ್ರ ಮೂಗು ಕೆರೆದುಕೊಂಡ.

"ನಿಂತಾಗ ಸರಿ ಇರುತ್ತೆ, ಓಡೋವಾಗ ಬೇರೆ. ಜೋರಾಗಿ ತಿರುಗಿದಾಗ ಒಳಗಿನ ಸುರುಳಿ ಕೂದಲೆಳೆಯಷ್ಟು ಆಚೆ ಸರಿಯುತ್ತೆ. ಹವಾ ಹೀಗೆ ಒದ್ದೆ ಇದ್ದು, ಕಾರ್ಬನ್ ಧೂಳು ಕೂತಿದ್ರೆ ಅಷ್ಟೇ ಸಾಕು. ನಾಳೆ ಓಡಿಸಿ ನೋಡೋಣ. ಯಾರೂ ಹತ್ತಿರ ಹೋಗ್ಬಾರ್ದು."

ಶುಕ್ರವಾರ, ನವೆಂಬರ್ 12. ಬೆಳಿಗ್ಗೆ 10.30. ನಿಯಂತ್ರಣ ಕೋಣೆಯಲ್ಲಿ ಎಂಜಿನಿಯರ್, ಫ್ರೆಡ್‌ಹಾಲ್ಮ್, ಸ್ತೂರೆ, ಬೋಯೆಲ್. ಹಿಲ್ಡಿಂಗ್ ಮಂಗಳವಾರದಿಂದ ರಜೆಯಲ್ಲಿದ್ದ. ಕೆಳಗೆ ನೀರು ಬಿಟ್ಟರು, ಯಂತ್ರ ನಿಧಾನಕ್ಕೆ ಎದ್ದಿತು. ಎರಡು ದೀಪಗಳೂ ಮಂದವಾಗಿ ಹತ್ತಿಕೊಂಡವು, ಅಕ್ಕಪಕ್ಕ, ಒಂದೇ ಸಮ. ಅರ್ಧ ವೇಗದಲ್ಲೂ ಸಮ. ಫ್ರೆಡ್‌ಹಾಲ್ಮ್ ಏನೋ ಹೇಳಲು ಬಾಯಿ ತೆರೆದ. ಪೂರ್ತಿ ವೇಗ ಬಂದಾಗ ಎಡ ದೀಪ ಪಟ್ಟನೆ ಆರಿತು. ಬಲದ್ದು ಭಗ್ಗನೆ ಹೊಳೆಯಿತು.

ಎಂಜಿನಿಯರ್ ಕೈ ಎತ್ತಿ ಯಂತ್ರ ನಿಲ್ಲಿಸಿದ.

"ಮಂಗಳವಾರ ಒಂಬತ್ತಕ್ಕೂ ಹೀಗೇ ಇತ್ತೋ ಇಲ್ವೋ, ಅದನ್ನ ಹೇಗೆ ತಿಳ್ಕೊಳ್ಳೋದು?" ಎಂದ ಸ್ತೂರೆ.

"ಪ್ರತಿ ಗಂಟೆಗೂ ಪುಸ್ತಕದಲ್ಲಿ ಬರೀತೀವಲ್ಲ. ಕೊನೇ ಅಂಕಣ. ಎರಡು ಸೊನ್ನೆ. ಎರಡೂ ಖಾಲಿ ಇದ್ರೆ ಸಮ. ದೀಪ ಆರಿದ್ರೆ ಆ ಸೊನ್ನೆ ಕಪ್ಪು ಮಾಡ್ತೀವಿ," ಎಂದ ಫ್ರೆಡ್‌ಹಾಲ್ಮ್.

ಬೋಯೆಲ್ ಚೀಲದಿಂದ ಪಂಚನಾಮೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಅವಳ ದುಂಡನೆಯ ಅಕ್ಷರದಲ್ಲಿ ಆರು ಗಂಟೆಗೆ ಎರಡು ಖಾಲಿ ಸೊನ್ನೆ. ಏಳಕ್ಕೆ ಎರಡು. ಎಂಟಕ್ಕೆ ಎರಡು. ಒಂಬತ್ತಕ್ಕೆ ಎಡ ಸೊನ್ನೆಯ ತುಂಬ ಕಪ್ಪು.

"ಅವರ ಪೆನ್ನು ಸೋರಿರ್ಬೇಕು ಅನ್ಕೊಂಡೆ ಸಾರ್. ಆದ್ರೂ ಇದ್ದ ಹಾಗೇ ಬರೆದೆ."

ನಾಲ್ಕು ದಿನ ಊರೆಲ್ಲ ಹುಡುಕಿದ್ದು ಅವರದೇ ಚೀಲದಲ್ಲಿ, ಅವರದೇ ಮೊಹರಿನ ಕೆಳಗೆ ತೆಪ್ಪಗೆ ಕೂತಿತ್ತು. ಸ್ತೂರೆ ಮಂಗಳವಾರದ ವಿಚಾರಣೆಯ ಹಾಳೆ ತೆಗೆದ. ಏನಂದ್ರಿ ಎಂದು ತಾನು ಕೇಳಿದ್ದಾನೆ. ಸಮ ಅಂದೆ ಎಂದು ಅವನು ಹೇಳಿದ್ದಾನೆ. ದೀಪ ಸಮ ಇತ್ತಾ ಎಂದು ತಾನು ಕೇಳೇ ಇಲ್ಲ. ಹಿಲ್ಡಿಂಗ್ ಪೊಲೀಸರಿಗೆ ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಸ್ತೂರೆ ಕುರ್ಚಿ ಎಳೆದುಕೊಂಡು ಆ ಹಾಳೆಯನ್ನು ಇನ್ನೊಮ್ಮೆ ಓದಿದ.

"ಆಗೋದೇ ಇಲ್ಲ. ಹಿಲ್ಡಿಂಗ್ ಅಂಥೋನಲ್ಲ. ತಪ್ಪಿ ಅಂದಿರ್ಬೇಕು," ಎಂದು ಫ್ರೆಡ್‌ಹಾಲ್ಮ್ ತೊದಲಿದ.

"ಒಂಬತ್ತಕ್ಕೆ ಕಪ್ಪು ಮಾಡಿ, ಐದೇ ನಿಮಿಷಕ್ಕೆ ಸಮ ಅಂತ ತಪ್ಪಿ ಅಂತಾರಾ? ಹಳೇ ದಿನಚರಿಗಳ ಪೆಟ್ಟಿಗೆ ಎಲ್ಲಿ?" ಎಂದ ಸ್ತೂರೆ.

ಪೆಟ್ಟಿಗೆಗಳು ಉಗ್ರಾಣದಲ್ಲಿ, ದಾರ ಕಟ್ಟಿ ಸಿದ್ಧವಾಗಿದ್ದವು. ಒಂದಕ್ಕೆ ಮಾತ್ರ ದಾರವಿರಲಿಲ್ಲ. 1965ರ ಪುಸ್ತಕ ಮೇಲೇ ಇತ್ತು. ಅಕ್ಟೋಬರ್ 11ರ ಪುಟದಲ್ಲಿ ಏವರ್ಟ್‌ನ ಕೈಬರಹ, ರಾತ್ರಿ ಪಾಳಿಯದು. ಬೆಳಗಿನ ಐದು ಗಂಟೆ, ಎರಡು ಖಾಲಿ ಸೊನ್ನೆ. ಬೋಯೆಲ್ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಡ ಸೊನ್ನೆ ಇದ್ದಲ್ಲಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಯಾರೋ ಬ್ಲೇಡಿನಿಂದ ಕಪ್ಪು ಹೆರೆದು, ಮೇಲೆ ಹೊಸ ಸೊನ್ನೆ ಸುತ್ತಿದ್ದರು. ಆರು ಗಂಟೆಯದೂ ಹಾಗೇ. ಲಾಗೆ ಸತ್ತದ್ದು ಆರೂವರೆಗೆ.

ಸ್ತೂರೆ ಆ ದಿನ ಇದೇ ಪುಟವನ್ನು ನೋಡಿದ್ದ. ನೋಡಿ, ಪಕ್ಕದಲ್ಲಿ ಸಹಿ ಹಾಕಿದ್ದ. ಸಹಿ ಅಲ್ಲೇ ಇತ್ತು, ಅಚ್ಚುಕಟ್ಟಾಗಿ, ತಾರೀಕಿನ ಸಮೇತ.

ಮಧ್ಯಾಹ್ನ 3.40ಕ್ಕೆ ಹಿಲ್ಡಿಂಗ್‌ನ ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಅವನು ಅಂಗಳದಲ್ಲಿ ಬರ್ಚ್ ಮರದ ಸೌದೆ ಒಡೆಯುತ್ತಿದ್ದ. ಕಾರು ನೋಡಿ ಕೊಡಲಿಯನ್ನು ಕೊರಡಿಗೆ ಕಚ್ಚಿಸಿ, ಕೈ ಒರೆಸಿಕೊಂಡ.

"ನಾಲ್ಕು ದಿನ ತಗೊಂಡ್ರಿ. ಬುಧವಾರವೇ ಬರ್ತೀರ ಅಂತ ಸೌದೆ ಅಷ್ಟಕ್ಕೇ ಇಟ್ಕೊಂಡಿದ್ದೆ. ಚಳಿ ಆಯ್ತು," ಎಂದ.

"ಒಂಬತ್ತು ಐದಕ್ಕೆ ದೀಪ ಸಮ ಇತ್ತಾ ಹಿಲ್ಡಿಂಗ್?"

"ಇರ್ಲಿಲ್ಲ."

"ಗೊತ್ತಿದ್ದೂ ಹೇಳಿದ್ರಾ?"

"ಗೊತ್ತಿದ್ದೂ ಹೇಳ್ದೆ."

"ಪುಸ್ತಕದಲ್ಲಿ ಯಾಕೆ ಕಪ್ಪು ಮಾಡಿದ್ರಿ?"

ಈ ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕಂಡಿರಬೇಕು. "ಆರಿತ್ತಲ್ಲ," ಎಂದ.

3.55ಕ್ಕೆ ಬಂಧನ. ಹಿಲ್ಡಿಂಗ್ ಒಲೆ ಆರಿಸಿ, ಬೆಕ್ಕನ್ನು ಪಕ್ಕದ ಮನೆಗೆ ಕೊಟ್ಟು ಬಂದ. ಕೋಳ ಬೇಡ ಎಂದು ಸ್ತೂರೆಯೇ ಹೇಳಿದ.

ಹೇಳಿಕೆ ಠಾಣೆಯಲ್ಲಿ 5.10ಕ್ಕೆ ಶುರುವಾಯಿತು. ಬೋಯೆಲ್ ಬರೆದುಕೊಂಡಳು.

ನವೆಂಬರ್ 4ರ ಗುರುವಾರ ಪುಸ್ತಕ ತುಂಬುವಾಗ ತಮ್ಮ ಸತ್ತ ದಿನದ ಪುಟ ತೆರೆದುಕೊಂಡಿತು. ಹೆರೆದದ್ದು ಬೆರಳಿಗೇ ತಿಳಿಯಿತು. ಇದೇನು ಏವರ್ಟ್ ಎಂದು ಕೇಳಿದ. ಏವರ್ಟ್ ಪೆಟ್ಟಿಗೆಯ ಮೇಲೆ ಕುಸಿದು ಎಲ್ಲವನ್ನೂ ಹೇಳಿದ. ಲಾಗೆ ಸತ್ತದ್ದು ಆ ವರ್ಷದ ಎಲ್ಕ್ ಜಿಂಕೆ ಬೇಟೆಯ ಮೊದಲ ದಿನ. ಏಳಕ್ಕೆ ಪಾಳಿ ಮುಗಿಸಿ ಓಡಬೇಕಿತ್ತು, ಬಂದೂಕು ಕಾರಿನಲ್ಲೇ ಇತ್ತು. ದೀಪ ಆರಿದ್ದಕ್ಕೆ ಐದಕ್ಕೇ ಯಂತ್ರ ನಿಲ್ಲಿಸಿದ್ದರೆ ಮಧ್ಯಾಹ್ನದವರೆಗೆ ಬಿಡುತ್ತಿರಲಿಲ್ಲ. ಏಳಕ್ಕೆ ಬರುವ ಹಿಲ್ಡಿಂಗ್ ನೋಡಿಕೊಳ್ಳಲಿ ಎಂದು ಸುಮ್ಮನಿದ್ದ. ಆರೂವರೆಗೆ ಕೆಳಗಿನಿಂದ ಲಾಗೆ ಫೋನ್ ಮಾಡಿ ದೀಪ ಹೇಗಿದೆ ಎಂದ. ಬ್ರಷ್ ಬದಲಿಸುವುದಾದರೆ ಆಮೇಲೆ ಮಾಡು ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾನಲ್ಲ ಎಂದು ಸಮ ಎಂದುಬಿಟ್ಟ. ಕೆಳಗೆ ಹೋಗಿ ನೋಡಿದಾಗ ಲಾಗೆಯ ಎಡಗೈ ಜೇಬಿನಲ್ಲಿತ್ತು. ಅದನ್ನು ಎಳೆದು ಹೊರಗೆ ಹಾಕಿದ.

ಬೋಯೆಲ್ ಪೆನ್ನು ನಿಲ್ಲಿಸಿದಳು.

"ಅಳ್ತಾ ಹೇಳ್ದ. ಹೇಳಿ ಮುಗಿಸಿ, ಮನಸ್ಸು ಹಗುರ ಆಯ್ತು ಕಣೋ ಅಂದ. ಅವನ ಹೆಗಲು ತಟ್ಟಿ ಕಾಫಿ ಬಗ್ಗಿಸಿ ಕೊಟ್ಟೆ. ಕ್ಷಮಿಸ್ದೆ ಅನ್ಕೊಂಡ. ನಾನೂ ಹಾಗೇ ಅನ್ಕೊಂಡಿದ್ದೆ."

"ಮಂಗಳವಾರಕ್ಕೆ ಮೊದಲೇ ಯೋಚನೆ ಮಾಡಿದ್ರಾ?"

"ಇಲ್ಲ. ಒಂಬತ್ತಕ್ಕೆ ದೀಪ ಆರ್ತು. ಬರೆದೆ. ಯಂತ್ರ ನಿಲ್ಲಿಸೋಕೆ ಕೈ ಚಾಚಿದ್ದೆ, ಅಷ್ಟರಲ್ಲಿ ಫೋನ್ ಬಂತು. ದೀಪ ಹೇಗಿದೆ ಅಂದ. ಅಷ್ಟೇ ಸಲೀಸಾಗಿ ಕೇಳ್ದ, ಹನ್ನೊಂದು ವರ್ಷದಲ್ಲಿ ಏನೂ ಆಗಿಲ್ವೇನೋ ಅನ್ನೋ ಹಾಗೆ. ಸಮ ಅಂತ ಬಾಯಿಂದ ಬಂತು. ವಾಪಸ್ ಕರೆಯೋಕೆ ಒಂದು ನಿಮಿಷ ಇತ್ತು. ಕೂತಿದ್ದೆ."

"ಸುಳ್ಳು ಹೇಳಿದ್ದಕ್ಕೆ ಇಷ್ಟು?" ಎಂದ ಸ್ತೂರೆ. ತನ್ನ ದನಿ ತನಗೇ ಹಿಡಿಸಲಿಲ್ಲ.

"ಸುಳ್ಳಿಗಲ್ಲಪ್ಪಾ. ಹೆದರಿದೋನು ಸುಳ್ಳು ಹೇಳ್ತಾನೆ. ಲಾಗೆ ಸತ್ತ ಮೇಲೆ ಹೊಸದಾಗಿ ಸೇರಿದೋರಿಗೆಲ್ಲ ನಾನು ಪಾಠ ಹೇಳಿದೀನಿ. ನನ್ನ ತಮ್ಮನ ಥರ ಪೆದ್ದುತನ ಮಾಡ್ಬೇಡಿ, ಎರಡೂ ಕೈ ಹಾಕಿ ಸತ್ತ ಅಂತ. ಪ್ರತಿ ಸಲ ಏವರ್ಟ್ ಪಕ್ಕದಲ್ಲೇ ಕಾಫಿ ಕುಡೀತಾ ಇರ್ತಿದ್ದ. ಹೊಸಬರು ಅವನ ಮುಖ ನೋಡೋರು, ನೋಡ್ದೋನು ಅವನೇ ಅಲ್ವಾ. ಅವನು ಹೌದು ಅಂತ ತಲೆ ಆಡಿಸ್ತಿದ್ದ. ಸ್ವಂತ ತಮ್ಮನ್ನ ನನ್ನ ಬಾಯಲ್ಲೇ ಪೆದ್ದ ಅನ್ನಿಸ್ದ, ಹತ್ತೊಂಬತ್ತು ಸಲ."

ಸ್ತೂರೆ ನೆಲ ನೋಡಿದ. "ವರದಿ ಬರೆದೋನು ನಾನು. ಪುಟಕ್ಕೆ ಸಹಿ ಹಾಕ್ದೋನೂ ನಾನೇ," ಎಂದ.

"ಗೊತ್ತು."

"ನನ್ನ ಮೇಲೆ ಸಿಟ್ಟು ಬರ್ಲಿಲ್ವಾ?"

ಹಿಲ್ಡಿಂಗ್ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದ. "ನೀನು ಫೋನ್ ಮಾಡಿ ಕೇಳ್ಲಿಲ್ವಲ್ಲ ಸ್ತೂರೆ," ಎಂದ. ಹಾಸ್ಯವೋ ಅಲ್ಲವೋ ತಿಳಿಯಲಿಲ್ಲ. ಬೋಯೆಲ್ ಅದನ್ನೂ ಬರೆದುಕೊಂಡಳು.

ಸಹಿ ಹಾಕುವ ಮೊದಲು ಅವನು ಒಂದು ಹಾಳೆ ಕೇಳಿ, ಹತ್ತೊಂಬತ್ತು ಹೆಸರು ಬರೆದ. ಕೆಲವರು ಬೇರೆ ಕೇಂದ್ರಗಳಲ್ಲಿದ್ದರು, ಇಬ್ಬರು ನಾರ್ವೆಯಲ್ಲಿ, 1967ರಲ್ಲಿ ಸೇರಿದ್ದ ಒಬ್ಬ ಈಗ ಪಾದ್ರಿ. ಒಂದು ಹೆಸರಿಗೂ ಅವನು ತಡವರಿಸಲಿಲ್ಲ. ಲಾಗೆ ನಿಯಮ ಮುರಿದಿರಲಿಲ್ಲ ಎಂದು ಇವರಿಗೆಲ್ಲ ತಿಳಿಸಬೇಕು, ತಾನು ಜೈಲಿನಿಂದ ಬರೆದರೆ ಯಾರೂ ನಂಬುವುದಿಲ್ಲ ಎಂದ.

ಶನಿವಾರ ಬೆಳಿಗ್ಗೆ ಸ್ತೂರೆ ಅಸ್ತಾಳ ಮನೆಗೆ ಒಬ್ಬನೇ ಹೋದ. ಏವರ್ಟ್‌ನ ಸಾವು ಅವನ ಸ್ವಂತ ತಪ್ಪಿನಿಂದ ಆಗಿಲ್ಲ, ಹಾಗೆಂದು ಬರೆದಿದ್ದೇನೆ ಎಂದ. ಅಸ್ತಾ ಅವನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಉಳಿದದ್ದನ್ನೂ ಹೇಳಬೇಕಿತ್ತು, ಹೇಳಿದ. ಅವಳು ಮೆಲ್ಲಗೆ ಕೈ ಬಿಟ್ಟಳು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ ಸದ್ದು ಬಂತು. ಸ್ತೂರೆ ಕಾಯುತ್ತಾ ಕೂತ. ನಲ್ಲಿಯ ಸದ್ದು ನಿಲ್ಲಲೂ ಇಲ್ಲ, ಅವಳು ಹೊರಗೆ ಬರಲೂ ಇಲ್ಲ. ಅರ್ಧ ಗಂಟೆಯಾದ ಮೇಲೆ ಅವನೇ ಎದ್ದು ಬಾಗಿಲು ಎಳೆದುಕೊಂಡು ಹೊರಟ.

ಡಿಸೆಂಬರ್ 3ರಂದು ಆರೋಪಪಟ್ಟಿ ಹೋಯಿತು. 1965ರ ಕಡತ ಮತ್ತೆ ತೆರೆಯಬೇಕೆಂಬ ಕೋರಿಕೆಯೂ ಅದರ ಜೊತೆಗೇ ಹೋಯಿತು. ಹಿಲ್ಡಿಂಗ್ ಕೊಟ್ಟ ಹೆಸರುಗಳಿಗೆ ಹೋಗಬೇಕಾದ ಪತ್ರಗಳನ್ನು ಠಾಣೆಯ ಹೆಸರಿನಲ್ಲಿ ಟೈಪ್ ಮಾಡಿಸಿ ಕಳಿಸೋಣ ಸಾರ್, ಒಂದೇ ಒಕ್ಕಣೆ, ಹತ್ತೊಂಬತ್ತು ಪ್ರತಿ, ಅರ್ಧ ದಿನದ ಕೆಲಸ ಎಂದಳು ಬೋಯೆಲ್. ಸ್ತೂರೆ ಬೇಡ ಎಂದ. ಒಂದು ವಾರ ಪ್ರತಿದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಯಾರಿಗೂ ಸುಲಭಕ್ಕೆ ಓದಲಾಗದ ತನ್ನ ಕೈಬರಹದಲ್ಲೇ ಒಂದೊಂದನ್ನೂ ಕೂತು ಬರೆದ. ಎಲ್ಲವೂ ಒಂದೇ ಸಾಲಿನಿಂದ ಶುರುವಾಗುತ್ತಿದ್ದವು: ಲಾಗೆ ಬ್ರೂಮನ್ ಬಗ್ಗೆ ನಿಮಗೆ ಹೇಳಿದ್ದು ಸುಳ್ಳು, ಅದನ್ನು ಮೊದಲು ಬರೆದವನು ನಾನು.